ಐಕಾನ್ ಬರೆಸುವ ಮುನ್ನ ಗೊತ್ತಿರಬೇಕಾದ್ದು

ಕಣದಲ್ಲಿ ನಿಂತು ನಮ್ಮ ಮೇಸ್ತ್ರಿ ಫೋನನ್ನು ಒಮ್ಮೆ ಕಣ್ಣಿನ ಹತ್ತಿರ ಹಿಡಿದರು, ಒಮ್ಮೆ ದೂರ ಹಿಡಿದರು. ಆಮೇಲೆ ನನ್ನ ತಂಗಿಯನ್ನು ಕೇಳಿದರು: "ಇದೇನಮ್ಮ, ಗೋಧಿ ಕಾಳಾ?"

ಅದು ಕಾಫಿ ಬೀಜ. ಜೀವಮಾನವೆಲ್ಲ ಕಾಫಿ ತೋಟದಲ್ಲೇ ಕಳೆದವರು ಅವರು. ಅವರಿಗೇ ಗೊತ್ತಾಗಲಿಲ್ಲ ಅಂದರೆ ತಪ್ಪು ಚಿತ್ರದ್ದು.

ತೋಟದ ಲೆಕ್ಕಕ್ಕೆ ಅಂತ ತಂಗಿ ಒಂದು ಆ್ಯಪ್ ಬರೆದಿದ್ದಳು. ಕೆಲಸದವರ ಹಾಜರಿ, ವಾರದ ಬಟವಾಡೆ, ಮಳೆಯ ಇಂಚು ಸೆಂಟು, ಕಣದಲ್ಲಿ ಒಣಗುತ್ತಿರುವುದೆಷ್ಟು, ಕ್ಯೂರಿಂಗಿಗೆ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕೆಲಸ) ಹೋದ ಮೂಟೆ ಎಷ್ಟು, ಎಲ್ಲ ಒಂದೇ ಕಡೆ. ಕೋಡ್ ಪೂರ್ತಿ ಅವಳದೇ. ಐಕಾನುಗಳನ್ನು ಮಾತ್ರ ಆನ್‌ಲೈನಿನಲ್ಲಿ ಸಿಕ್ಕ ಒಬ್ಬ ಡಿಸೈನರ್ ಹತ್ತಿರ ಬರೆಸಿದಳು. ಹಣ ಮೊದಲೇ ಕೊಟ್ಟಳು. ವಾಟ್ಸಾಪಿನಲ್ಲಿ ಹನ್ನೆರಡು ಚಿತ್ರ ಬಂದವು.

ಆ್ಯಪಿಗೆ ಹಾಕಿದ ಮೇಲೆ ಒಂದೊಂದೇ ತೊಂದರೆ ಕಂಡಿತು. ಕೆಲವು ಚಿತ್ರ ಮಸುಕು. ಮುಖ್ಯ ಐಕಾನಿನ ಮೂಲೆಗಳು ಕತ್ತರಿಸಿ ಹೋಗಿದ್ದವು. ರಾತ್ರಿ ಕಪ್ಪು ಪರದೆ ಹಾಕಿದರೆ ಪ್ರತಿ ಚಿತ್ರದ ಸುತ್ತ ಬಿಳಿ ಚೌಕ. ಮುಂದೆ ತಿದ್ದಲು ಬರುವ ಮೂಲ ಫೈಲ್ ಕೊಡಿ ಅಂದರೆ ಅದಕ್ಕೆ ಬೇರೆ ದರ ಅಂತ ಉತ್ತರ ಬಂತು. ಆ ಡಿಸೈನರ್ ಮೋಸ ಮಾಡಿದ್ದಲ್ಲ. ಏನು ಬೇಕು ಅಂತ ನಾವು ಬರೆದು ಕೊಟ್ಟಿರಲಿಲ್ಲ. ಏನು ಕೇಳಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಮೂಡಿಗೆರೆ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರು ಕಡೆ ಈಗ ಆ್ಯಪ್ ಮಾಡಿಸುವ ಮಾತು ಹೋಂಸ್ಟೇ ನಡೆಸುವವರ ಬಾಯಲ್ಲೂ ಇದೆ, ಮೆಣಸು ಮಾರುವವರ ಬಾಯಲ್ಲೂ ಇದೆ. ಕೋಡ್ ಬರೆಯುವವರು ಸಿಗುತ್ತಾರೆ. ಚಿತ್ರದ ವಿಷಯ ಬಂದಾಗ "ಅದೇನು, ಸುಮ್ನೆ ಯಾರ ಹತ್ತಿರಾದರೂ ಬರೆಸಿದರಾಯಿತು" ಅಂದುಬಿಡುತ್ತೇವೆ. ಅಲ್ಲೇ ಎಡವುವುದು.

## ಐಕಾನ್ ಅಂದರೇನು

ಮಾತಿನ ಜಾಗದಲ್ಲಿ ನಿಂತ ಪುಟ್ಟ ಚಿತ್ರವೇ ಐಕಾನ್. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಬಾಗಿಲ ಪಕ್ಕ ಸಳ ಹುಲಿಯನ್ನು ಕೊಲ್ಲುವ ಶಿಲ್ಪ ಇದೆಯಲ್ಲ, ಅದನ್ನು ಕಂಡ ಕೂಡಲೇ ಹೊಯ್ಸಳರು ಅಂತ ನಮ್ಮ ಕಡೆಯ ಮಕ್ಕಳೂ ಹೇಳುತ್ತಾರೆ. ಯಾರೂ ಹೆಸರು ಓದಿ ಹೇಳಬೇಕಿಲ್ಲ. ಐಕಾನಿನಿಂದ ಬಯಸುವುದೂ ಅಷ್ಟೇ, ಆದರೆ ಹೆಬ್ಬೆರಳ ಉಗುರಿಗಿಂತ ಚಿಕ್ಕ ಜಾಗದಲ್ಲಿ.

ಆ್ಯಪಿನಲ್ಲಿ ಎರಡು ಬಗೆಯ ಐಕಾನ್ ಇರುತ್ತವೆ. ಫೋನಿನ ಪರದೆ ಮೇಲೆ ಕೂತು "ನನ್ನನ್ನು ಒತ್ತಿ" ಅನ್ನುವ ಒಂದು ಚಿತ್ರ. ಅದು ಅಂಗಡಿಯ ಬೋರ್ಡ್ ಇದ್ದ ಹಾಗೆ, ಬಣ್ಣ ಇರುತ್ತದೆ, ಗುರುತು ಇರುತ್ತದೆ. ಇನ್ನೊಂದು ಬಗೆ ಒಳಗಿನ ಬಟನ್‌ಗಳದು: ಹಾಜರಿ, ಮಳೆ, ಹಣ, ಹುಡುಕು, ಅಳಿಸು. ಇವು ಸಾಮಾನ್ಯವಾಗಿ ಒಂದೇ ಬಣ್ಣದ ಸರಳ ಗೆರೆ ಚಿತ್ರಗಳು. ಎಲ್ಲ ಒಂದೇ ಕೈ ಬರೆದ ಹಾಗೆ ಕಾಣಬೇಕು. ಒಂದರ ಗೆರೆ ದಪ್ಪ, ಇನ್ನೊಂದರ ಗೆರೆ ಸಣ್ಣ ಆದರೆ ಬೇರೆ ಬೇರೆ ಸೆಟ್ಟಿನ ಲೋಟಗಳಲ್ಲಿ ನೆಂಟರಿಗೆ ಕಾಫಿ ಕೊಟ್ಟ ಹಾಗೆ ಆಗುತ್ತದೆ.

ಈ ಕೆಲಸಕ್ಕೆ ಒಂದು ಚರಿತ್ರೆಯೂ ಇದೆ. 1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂಟಾಷ್ ಕಂಪ್ಯೂಟರಿನ ಐಕಾನುಗಳನ್ನು ಬರೆದವರು ಸೂಸನ್ ಕೇರ್. ಚೌಕುಳಿ ಗ್ರಾಫ್ ಪುಸ್ತಕ ಕೊಂಡು, 32 ಅಡ್ಡ 32 ಉದ್ದದ ಮನೆಗಳಲ್ಲಿ ಯಾವುದು ಕಪ್ಪು, ಯಾವುದು ಬಿಳಿ ಅಂತ ತುಂಬುತ್ತ ಹೋದರು. ಒಟ್ಟು 1,024 ಮನೆ, ಎರಡೇ ಬಣ್ಣ. ಮುಂದೆ ತಮ್ಮದೇ ಕಚೇರಿ ಮಾಡಿಕೊಂಡು ಬೇರೆಯವರಿಗೂ ಬರೆದುಕೊಟ್ಟರು. 1990ರ ವಿಂಡೋಸ್ 3.0ರ ಐಕಾನುಗಳಲ್ಲೂ ಅವರ ಕೈ ಇದೆ. ಅಂದರೆ ಹೊರಗಿನವರಿಂದ ಐಕಾನ್ ಬರೆಸುವುದು ದೊಡ್ಡ ಕಂಪನಿಗಳಿಗೂ ಹಳೆಯ ಅಭ್ಯಾಸವೇ.

## ಚುಕ್ಕಿಯ ಲೆಕ್ಕ

ಚುಕ್ಕಿ ರಂಗೋಲಿ ಹಾಕುವವರಿಗೆ ಈ ಭಾಗ ಅರ್ಧ ಗೊತ್ತೇ ಇದೆ. ಹದಿನೈದು ಚುಕ್ಕಿ ಇಟ್ಟರೆ ನವಿಲು ಬರುತ್ತದೆ. ಐದೇ ಚುಕ್ಕಿಯಲ್ಲಿ ನವಿಲು ಬರೆಯಲು ಹೋದರೆ ಗರಿ ಎಲ್ಲಿ ಇಡುತ್ತೀರಿ? ಪರದೆ ಕೂಡ ಚುಕ್ಕಿಗಳಿಂದಲೇ ಆಗಿದೆ. ಆ ಚುಕ್ಕಿಗೆ ಪಿಕ್ಸೆಲ್ ಅಂತಾರೆ.

ಪ್ಲೇಸ್ಟೋರಿಗೆ ಕೊಡುವ ಮುಖ್ಯ ಐಕಾನ್ 512 ಚುಕ್ಕಿ ಅಗಲ, 512 ಎತ್ತರ. ಗುಣಿಸಿದರೆ 2,62,144 ಚುಕ್ಕಿ. ಆ್ಯಪಲ್ ಆ್ಯಪ್ ಸ್ಟೋರಿಗೆ 1024 ಅಡ್ಡ 1024. ಬ್ರೌಸರಿನ ಟ್ಯಾಬಿನ ಮೇಲೆ ಕೂರುವ ಐಕಾನಿಗೆ 16 ಅಡ್ಡ 16, ಅಂದರೆ ಬರೀ 256 ಚುಕ್ಕಿ. ದೊಡ್ಡದನ್ನು ಕುಗ್ಗಿಸಿ ಚಿಕ್ಕದು ಮಾಡಿದರೆ ಆಗಲ್ವಾ ಅಂತ ಕೇಳಬಹುದು. ನಮ್ಮ ಕಾಫಿ ಬೀಜಕ್ಕೆ ಆದದ್ದೇ ಅದು.

ದೊಡ್ಡ ಚಿತ್ರದಲ್ಲಿ ಬೀಜ ಚೆನ್ನಾಗಿಯೇ ಇತ್ತು. ನಡುವಿನ ಸೀಳು ಬಳುಕಿಕೊಂಡು ಇಳಿದಿತ್ತು, ಒಂದು ಮಗ್ಗುಲಿಗೆ ನೆರಳು, ಇನ್ನೊಂದು ಮಗ್ಗುಲಿಗೆ ಹೊಳಪು. ಅದನ್ನು 24 ಚುಕ್ಕಿಗೆ ಇಳಿಸಿದಾಗ ಸೀಳಿಗೆ ಒಂದು ಪೂರ್ತಿ ಚುಕ್ಕಿಯೂ ಸಿಗಲಿಲ್ಲ. ಬಳುಕು ಮಾಯವಾಗಿ ನೇರ ಗೆರೆ ಉಳಿಯಿತು. ನೆರಳು ಕೊಳೆಯ ಹಾಗೆ ಕಂಡಿತು. ಉದ್ದನೆಯ ಮೈ, ನಡುವೆ ನೇರ ಗೀರು. ಗೋಧಿ ಅಲ್ಲದೆ ಇನ್ನೇನು ಅದು? ಚಿಕ್ಕ ಗಾತ್ರಕ್ಕೆ ಬೇರೆಯಾಗಿಯೇ ಬರೆಯಬೇಕಿತ್ತು: ಮೈ ಇನ್ನಷ್ಟು ಗುಂಡಗೆ, ಸ್ವಲ್ಪ ಓರೆಯಾಗಿ, ಸೀಳು ಎರಡು ಚುಕ್ಕಿ ದಪ್ಪ, ನೆರಳು ಇಲ್ಲ. ಒಳ್ಳೆ ಐಕಾನ್ ಡಿಸೈನರ್ ಮಾಡುವ ಮುಖ್ಯ ಕೆಲಸ ಇದೇ, ಏನು ಬಿಡಬೇಕು ಅಂತ ತೀರ್ಮಾನಿಸುವುದು.

ಈಗಿನ ಫೋನುಗಳಲ್ಲಿ ಚುಕ್ಕಿ ದಟ್ಟವಾಗಿವೆ. 24 ಅಂತ ಹೇಳುವ ಅಳತೆಗೆ ಎಷ್ಟೋ ಫೋನುಗಳಲ್ಲಿ 72 ಚುಕ್ಕಿ ಸಿಗುತ್ತದೆ. ಅಂಚು ನುಣುಪಾಗಿ ಕಾಣುತ್ತದೆ, ನಿಜ. ಆದರೆ ಕಣ್ಣಿಗೆ ಕಾಣುವ ಗಾತ್ರ ಬದಲಾಗುವುದಿಲ್ಲ. ಅದು ಸುಮಾರು 4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಕಾಳುಮೆಣಸಿನಷ್ಟು. ಕಾಳುಮೆಣಸಿನ ಮೇಲೆ ಎಷ್ಟು ವಿವರ ಕೆತ್ತಬಹುದು ಅಂತ ಯೋಚಿಸಿದರೆ ಸಾಕು.

ಇದೇ ಕಾರಣಕ್ಕೆ ಐಕಾನಿನೊಳಗೆ ಕನ್ನಡ ಅಕ್ಷರ ಹಾಕುವಾಗ ಜೋಪಾನ. ಒಂಟಿ ಅಕ್ಷರ, ತಲೆಕಟ್ಟು ದಪ್ಪ ಇದ್ದರೆ ನಿಲ್ಲುತ್ತದೆ. ಒತ್ತಕ್ಷರ ಬಂತೋ, ಕೆಳಗಿನ ಒತ್ತು ಒಂದು ಮಚ್ಚೆಯಾಗಿ ಬಿಡುತ್ತದೆ.

## ಸಾರಿನ ಅಳತೆ ಬೇರೆ, ಸಾರು ಬೇರೆ

ಚಿತ್ರ ಮಸುಕಾದದ್ದು ಯಾಕೆ? ಇಲ್ಲಿ ಎರಡು ಪದ ಗೊತ್ತಿರಬೇಕು: ರಾಸ್ಟರ್ ಮತ್ತು ವೆಕ್ಟರ್.

ನಾಲ್ಕು ಜನಕ್ಕೆ ಮಾಡಿದ ಸಾರು ಇದೆ. ಹತ್ತು ಜನ ಬಂದರು. ನೀರು ಹೊಯ್ದರೆ ಪಾತ್ರೆ ತುಂಬುತ್ತದೆ, ರುಚಿ ತೆಳುವಾಗುತ್ತದೆ. ರಾಸ್ಟರ್ ಚಿತ್ರ ಅಂದರೆ ಆ ಮಾಡಿಟ್ಟ ಸಾರು. ಇಷ್ಟು ಚುಕ್ಕಿ ಅಂತ ಲೆಕ್ಕ ಮುಗಿದಿದೆ. ಹಿಗ್ಗಿಸಿದರೆ ಮಸುಕು. ಜೆಪೆಗ್, ಪಿಎನ್‌ಜಿ ಎರಡೂ ಈ ಜಾತಿ.

ವೆಕ್ಟರ್ ಅಂದರೆ ಸಾರಿನ ಅಳತೆ. ಬೇಳೆ ಇಷ್ಟಕ್ಕೆ ಹುಳಿ ಇಷ್ಟು, ಪುಡಿ ಇಷ್ಟು ಅಂತ ಗೊತ್ತಿದ್ದರೆ ನಾಲ್ಕು ಜನಕ್ಕೂ ಮಾಡಬಹುದು, ನಾನೂರು ಜನಕ್ಕೂ ಮಾಡಬಹುದು. ವೆಕ್ಟರ್ ಫೈಲಿನಲ್ಲಿ ಚುಕ್ಕಿ ಇರುವುದಿಲ್ಲ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಷ್ಟು ಬಾಗಿಸು, ಈ ಬಣ್ಣ ತುಂಬು ಅನ್ನುವ ಸೂಚನೆಗಳಿರುತ್ತವೆ. ಯಾವ ಗಾತ್ರ ಕೇಳಿದರೂ ಹೊಸದಾಗಿ ಬರೆದುಕೊಡುತ್ತದೆ. ಎಸ್‌ವಿಜಿ ಅನ್ನುವುದು ಇಂಥ ಫೈಲ್. ಬ್ರೌಸರ್‌ಗಳೂ ಅದನ್ನು ತೆರೆಯುತ್ತವೆ. ಫ್ಲೆಕ್ಸ್ ಅಂಗಡಿಯವರು ಕೋರಲ್‌ಡ್ರಾದಲ್ಲಿ ಮಾಡುವುದೂ ವೆಕ್ಟರ್ ಕೆಲಸವೇ. ಇಲ್ಲದಿದ್ದರೆ ಅಂಗೈ ಅಗಲದ ಲೋಗೋ ಇಪ್ಪತ್ತು ಅಡಿ ಬ್ಯಾನರಿನಲ್ಲಿ ಚೊಕ್ಕವಾಗಿ ಬರುತ್ತಿರಲಿಲ್ಲ.

ಬಿಳಿ ಚೌಕದ ವಿಷಯವೂ ಇಲ್ಲೇ ಇದೆ. ಜೆಪೆಗ್ ಫೈಲಿಗೆ ಪಾರದರ್ಶಕ ಹಿನ್ನೆಲೆ ಗೊತ್ತಿಲ್ಲ. ಖಾಲಿ ಜಾಗಕ್ಕೆ ಅದು ಯಾವುದಾದರೂ ಬಣ್ಣ ತುಂಬಲೇಬೇಕು. ಪಿಎನ್‌ಜಿಗೆ ಖಾಲಿಯನ್ನು ಖಾಲಿಯಾಗಿಯೇ ಇಡಲು ಬರುತ್ತದೆ. ಇನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಹಗುರ ಮಾಡಿ ಕಳಿಸುತ್ತದೆ, ಪಾರದರ್ಶಕತೆ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಜಿಪ್ ಮಾಡಿ ಇಮೇಲ್ ಮಾಡಿದರೆ ಇನ್ನೂ ಒಳ್ಳೆಯದು.

## ಫೋನೇ ಕತ್ತರಿಸುವ ಅಂಚು

ಮೂಲೆ ಕಳೆದುಹೋದದ್ದಕ್ಕೆ ಕಾರಣ ಆಂಡ್ರಾಯ್ಡ್. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಮುಖ್ಯ ಐಕಾನನ್ನು ಎರಡು ಪದರವಾಗಿ ಕೊಡಬಹುದು: ಹಿಂದೆ ಹಿನ್ನೆಲೆ, ಮುಂದೆ ಚಿತ್ರ. ಇದಕ್ಕೆ ಅಡಾಪ್ಟಿವ್ ಐಕಾನ್ ಅಂತಾರೆ. ಒಂದು ಕಂಪನಿಯ ಫೋನ್ ಅದನ್ನು ಗುಂಡಗೆ ಕತ್ತರಿಸುತ್ತದೆ, ಇನ್ನೊಂದು ಮೂಲೆ ಸವರಿದ ಚೌಕವಾಗಿ ಕತ್ತರಿಸುತ್ತದೆ. ಪೂರಿಗೆ ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ತೆಗೆದ ಹಾಗೆ. ಅಂಚಿನ ಹಿಟ್ಟು ಹೋಗುತ್ತದೆ ಅಂತ ಗೊತ್ತಿದ್ದೇ ದೊಡ್ಡದಾಗಿ ಲಟ್ಟಿಸುತ್ತೇವೆ, ಅಲ್ವಾ?

ಲೆಕ್ಕ ಹೀಗಿದೆ. ಪದರದ ಅಳತೆ 108 ಅಡ್ಡ 108. ಅದರಲ್ಲಿ ಕಾಣುವುದು ಹೆಚ್ಚೆಂದರೆ ನಡುವಿನ 72. ಖಂಡಿತ ಕತ್ತರಿಸಿ ಹೋಗದ ಜಾಗ ನಡುವಿನ 66 ಅಗಲದ ವೃತ್ತ. ಮುಖ್ಯವಾದದ್ದೆಲ್ಲ ಆ ವೃತ್ತದ ಒಳಗಿರಬೇಕು. 2022ರ ಆಂಡ್ರಾಯ್ಡ್ 13ರಿಂದ ಮೂರನೆಯದೊಂದು ಸೇರಿದೆ, ಒಂದೇ ಬಣ್ಣದ ಪದರ. ಬಳಸುವವರು ತಮ್ಮ ಪರದೆಯ ಬಣ್ಣಕ್ಕೆ ಐಕಾನುಗಳನ್ನೂ ಹೊಂದಿಸಿಕೊಂಡರೆ ಆ ಪದರ ಬಳಕೆಗೆ ಬರುತ್ತದೆ. ಡಿಸೈನರಿಗೆ "ಅಡಾಪ್ಟಿವ್ ಐಕಾನ್ ಬೇಕು, ಒಂದೇ ಬಣ್ಣದ ಪದರವೂ ಬೇಕು" ಅಂದರೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಅವರು ಮೊಬೈಲ್ ಕೆಲಸ ಹೆಚ್ಚು ಮಾಡಿಲ್ಲ ಅಂತ ನಿಮಗೆ ಅರ್ಥವಾಗುತ್ತದೆ.

ವಿಂಡೋಸ್ ಸಾಫ್ಟ್‌ವೇರ್ ಆದರೆ ಐಸಿಒ ಫೈಲ್ ಬೇಕು. ಒಂದೇ ಫೈಲಿನೊಳಗೆ 16, 32, 48, 256 ಹೀಗೆ ಹಲವು ಗಾತ್ರ ಇರುತ್ತವೆ.

## ಎಲ್ಲವನ್ನೂ ಬರೆಸಬೇಕಾ?

ಬೇಡ. ಹುಡುಕು, ಅಳಿಸು, ಕ್ಯಾಲೆಂಡರ್, ಫೋನ್, ಹಿಂದೆ ಹೋಗು, ಇವೆಲ್ಲ ಉಚಿತವಾಗಿಯೇ ಸಿಗುತ್ತವೆ. ಗೂಗಲ್‌ನ ಮೆಟೀರಿಯಲ್ ಸಿಂಬಲ್ಸ್ ಅನ್ನುವ ಐಕಾನ್ ಸೆಟ್ ಅಪಾಚೆ 2.0 ಪರವಾನಗಿಯಲ್ಲಿದೆ, ವ್ಯಾಪಾರಕ್ಕೂ ಬಳಸಬಹುದು. ಬೂಟ್‌ಸ್ಟ್ರ್ಯಾಪ್ ಐಕಾನ್ಸ್ ಎಂಐಟಿ ಪರವಾನಗಿಯಲ್ಲಿದೆ, ಅದೂ ಹಾಗೇ. ಜನಕ್ಕೆ ಈಗಾಗಲೇ ರೂಢಿಯಾದ ಚಿತ್ರಗಳನ್ನು ಬದಲಿಸಿದರೆ ಅವರಿಗೇ ತೊಂದರೆ.

ಬರೆಸಬೇಕಾದ್ದು ಬೇರೆಲ್ಲೂ ಸಿಗದ್ದು. ಬಟವಾಡೆಗೆ ಐಕಾನ್ ಯಾವ ಉಚಿತ ಸೆಟ್ಟಿನಲ್ಲಿದೆ? ಕಾಫಿ ಕಣಕ್ಕೆ? ಮಳೆ ಅಳೆಯುವ ರೈನ್‌ಗೇಜಿಗೆ? ತಂಗಿ ಎರಡನೇ ಸಲ ಮಾಡಿಸುವಾಗ ಹನ್ನೆರಡರಲ್ಲಿ ಏಳನ್ನು ಮೆಟೀರಿಯಲ್ ಸೆಟ್ಟಿನಿಂದ ತೆಗೆದುಕೊಂಡಳು. ಐದನ್ನು, ಜೊತೆಗೆ ಮುಖ್ಯ ಐಕಾನನ್ನು, ಹೊಸದಾಗಿ ಬರೆಸಿದಳು. ಆ ಐದು ಉಳಿದ ಏಳರ ಜೊತೆ ಹೊಂದಬೇಕು ಅಂತ ಮೊದಲೇ ಹೇಳಿದ್ದಳು. ಮೆಟೀರಿಯಲ್ ಐಕಾನಿಗೆ 24 ಅಡ್ಡ 24 ಚೌಕಟ್ಟು, ಸುತ್ತ 2 ಬಿಟ್ಟು ನಡುವಿನ 20ರಲ್ಲಿ ಚಿತ್ರ, ಗೆರೆಯ ದಪ್ಪ ಸಾಮಾನ್ಯವಾಗಿ 2. ಈ ಮೂರು ಸಂಖ್ಯೆ ಕೊಟ್ಟದ್ದಕ್ಕೆ ಬಂದ ಐಕಾನುಗಳು ಅಕ್ಕತಂಗಿಯರ ಹಾಗೆ ಕಂಡವು.

## ಫ್ರೀಲ್ಯಾನ್ಸರ್ ಅಂದರೆ ಯಾರು, ಎಲ್ಲಿರುತ್ತಾರೆ

ಸಂಬಳಕ್ಕಿಲ್ಲದೆ, ಕೆಲಸಕ್ಕಿಷ್ಟು ಅಂತ ಹಣ ಪಡೆದು ದುಡಿಯುವವರು ಫ್ರೀಲ್ಯಾನ್ಸರ್. ಮದುವೆಗೆ ಅಡುಗೆ ಭಟ್ಟರನ್ನು ಕರೆಸುತ್ತೇವಲ್ಲ, ಹಾಗೆ. ಸೌಟು ಜಾಲರಿ ಅವರದು, ಕೈಗುಣ ಅವರದು. ಎಷ್ಟು ಜನ, ಏನೇನು ಅಡುಗೆ, ಎಷ್ಟು ಹೊತ್ತಿಗೆ ಎಲೆ ಹಾಕಬೇಕು ಅಂತ ಹೇಳುವ ಹೊಣೆ ನಮ್ಮದು.

ಬಿಹ್ಯಾನ್ಸ್, ಡ್ರಿಬಲ್ ಅನ್ನುವ ತಾಣಗಳಲ್ಲಿ ಡಿಸೈನರುಗಳು ಮಾಡಿದ ಕೆಲಸ ನೋಡಲು ಸಿಗುತ್ತದೆ. ಅಪ್‌ವರ್ಕ್, ಫೈವರ್‌ನಲ್ಲಿ ನೇರ ಕೆಲಸ ಒಪ್ಪಿಸಬಹುದು. ನಮ್ಮ ಊರುಗಳ ಫ್ಲೆಕ್ಸ್, ಲಗ್ನಪತ್ರಿಕೆ ಅಂಗಡಿಗಳಲ್ಲಿ ಕೂತ ಹುಡುಗ ಹುಡುಗಿಯರನ್ನೂ ಕೇಳಿ. ವೆಕ್ಟರ್ ಅವರಿಗೆ ನೀರು ಕುಡಿದಷ್ಟು ಸುಲಭ. ಅವರು ರೂಢಿ ಮಾಡಿಕೊಂಡಿರುವುದು ಅಡಿ, ಇಂಚಿನ ಲೆಕ್ಕ. ಇಲ್ಲಿ ಚುಕ್ಕಿ ಲೆಕ್ಕ ಬೇಕು. ಕಲಿಯುವ ಮನಸ್ಸಿದ್ದರೆ ದೂರವೇನಿಲ್ಲ.

ಹಳೆಯ ಕೆಲಸ ನೋಡುವಾಗ ಚಿತ್ರ ಚಂದವಿದೆಯಾ ಅಂತ ಮಾತ್ರ ನೋಡಬೇಡಿ. ಐಕಾನ್ ಸೆಟ್ ಮಾಡಿದ್ದಾರಾ? ಅದನ್ನು ಚಿಕ್ಕ ಗಾತ್ರದಲ್ಲಿ ತೋರಿಸಿದ್ದಾರಾ? ದೊಡ್ಡ ಗಾತ್ರದಲ್ಲಿ ಎಲ್ಲವೂ ಚಂದವೇ. ಮಾದರಿಗೆ ಒಂದು ಬಿಟ್ಟಿ ಬರೆದುಕೊಡಿ ಅಂತ ಕೇಳುವುದು ನನಗೆ ಸರಿ ಕಾಣುವುದಿಲ್ಲ, ಅದು ಅವರ ದಿನದ ದುಡಿಮೆ. ಒಂದೇ ಒಂದು ಐಕಾನಿಗೆ ಹಣ ಕೊಟ್ಟು ಬರೆಸಿ. ಹಿಡಿಸಿದರೆ ಉಳಿದದ್ದನ್ನು ಒಪ್ಪಿಸಿ.

## ಕೆಲಸ ಹೇಳುವ ಬಗೆ

ಏನು ಬೇಕು ಅಂತ ಬರೆದುಕೊಡುವ ಕಾಗದಕ್ಕೆ ಡಿಸೈನರುಗಳು ಬ್ರೀಫ್ ಅನ್ನುತ್ತಾರೆ. ಒಂದೆರಡು ಪುಟ ಸಾಕು. ನಾವು ಮೊದಲ ಸಲ ಕಳಿಸಿದ್ದು ಒಂದೇ ಸಾಲು: "ಕಾಫಿ ಎಸ್ಟೇಟ್ ಆ್ಯಪ್, 12 ಐಕಾನ್, ಚೆನ್ನಾಗಿರಲಿ." ಕಾಫಿ ಗಿಡವನ್ನೇ ನೋಡಿರದ ಡಿಸೈನರ್ ಅದರಿಂದ ಏನು ತಾನೇ ಮಾಡಬೇಕು? ಅವರು ಕಾಫಿ ಕಪ್, ಹೊಗೆ, ಬೀಜ ಬರೆದುಕೊಟ್ಟರು.

ಎರಡನೇ ಸಲ ತಂಗಿ ಪ್ರತಿ ಐಕಾನಿಗೂ ನಾಲ್ಕು ಮಾತು ಬರೆದಳು. ಒತ್ತಿದರೆ ಏನಾಗುತ್ತದೆ, ಯಾರು ಒತ್ತುತ್ತಾರೆ, ಆ ವಸ್ತು ನಿಜವಾಗಿ ಹೇಗಿರುತ್ತದೆ, ಯಾವುದರ ಜೊತೆ ಗೊಂದಲವಾಗಬಾರದು. ಮಳೆ ಐಕಾನಿಗೆ ಹೀಗೆ ಬರೆದಿದ್ದಳು: "ಬೆಳಿಗ್ಗೆ ರೈಟರ್ (ತೋಟದ ಗುಮಾಸ್ತ) ನಿನ್ನೆಯ ಮಳೆ ಬರೆಯುವ ಜಾಗ. ಮೋಡ ಬೇಡ, ಮೋಡ ನೋಡಿದರೆ ನಾಳೆ ಮಳೆ ಬರುತ್ತಾ ಅನ್ನುವ ಮುನ್ಸೂಚನೆ ಅಂದುಕೊಳ್ಳುತ್ತಾರೆ. ರೈನ್‌ಗೇಜಿನ ಫೋಟೋ ಇಟ್ಟಿದ್ದೇನೆ." ಕಣಕ್ಕೆ ನಾಲ್ಕು ಫೋಟೋ ಕಳಿಸಿದಳು, ಹರವಿದ ಕಾಫಿಯ ಮೇಲೆ ಎಳೆದ ಸಾಲುಗಳು ಕಾಣುವ ಹಾಗೆ. ಬಂದ ಐಕಾನಿನಲ್ಲಿ ಆ ಸಾಲುಗಳೇ ಇದ್ದವು, ಮೂರು ಬಾಗಿದ ಗೆರೆ, ಮೇಲೆ ಒಂದು ಸೂರ್ಯ. ಫೋಟೋ ಇಲ್ಲದೆ ಅದು ಯಾರಿಗೂ ಹೊಳೆಯುತ್ತಿರಲಿಲ್ಲ.

ಇದರ ಜೊತೆ ಯಾವ ಫೋನು ಕಂಪ್ಯೂಟರಿಗೆ, ಯಾವ ಗಾತ್ರಗಳು, ಯಾವ ಫೈಲುಗಳು, ಬಿಳಿ ಮತ್ತು ಕಪ್ಪು ಪರದೆ ಎರಡರಲ್ಲೂ ಕಾಣಬೇಕಾ, ಯಾವ ದಿನದೊಳಗೆ ಬೇಕು, ಇವನ್ನೂ ಬರೆಯಿರಿ. ಬಣ್ಣ ಒಂದನ್ನೇ ನಂಬುವ ಐಕಾನ್ ಬೇಡ ಅಂತಲೂ ಹೇಳಿ. ಹಾಜರಿಗೆ ಹಸಿರು ಗುಂಡು, ಗೈರಿಗೆ ಕೆಂಪು ಗುಂಡು ಅಂತ ಇಟ್ಟರೆ ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗೆ ಎರಡೂ ಒಂದೇ. ಆಕಾರವೂ ಬೇರೆ ಇರಬೇಕು. ಡಬ್ಲ್ಯುಸಿಎಜಿ 2.1 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ, ಅರ್ಥ ತಿಳಿಸುವ ಐಕಾನಿಗೂ ಹಿನ್ನೆಲೆಗೂ ಬೆಳಕಿನ ವ್ಯತ್ಯಾಸ ಕನಿಷ್ಠ 3ಕ್ಕೆ 1 ಇರಬೇಕು. ಇದನ್ನು ಅಳೆಯುವ ಉಚಿತ ಸಾಧನಗಳಿವೆ.

## ದರ ಮತ್ತು ಕಂತು

ಕೆಲವರು ಐಕಾನಿಗಿಷ್ಟು ಅಂತ ಹೇಳುತ್ತಾರೆ, ಕೆಲವರು ಸೆಟ್ಟಿಗಿಷ್ಟು, ಕೆಲವರು ಗಂಟೆಗಿಷ್ಟು. ಮೊದಲ ಸಲ ಮಾಡಿಸುವವರಿಗೆ ಸೆಟ್ಟಿನ ದರ ನೆಮ್ಮದಿ, ಕೊನೆಗೆ ಎಷ್ಟಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ದರ ಏರುವುದು ಐಕಾನಿನ ಸಂಖ್ಯೆಯಿಂದ ಮಾತ್ರ ಅಲ್ಲ. ಒಂದೇ ಐಕಾನನ್ನು ಗೆರೆಯಲ್ಲೂ ತುಂಬಿದ ಬಣ್ಣದಲ್ಲೂ ಬರೆದರೆ ಕೆಲಸ ಎರಡು. ಚಿಕ್ಕ ಗಾತ್ರಕ್ಕೆ ಬೇರೆ ಬರೆದರೆ ಇನ್ನೊಂದು. ಮೂಲ ಫೈಲ್, ಹಕ್ಕು, ತಿದ್ದುಪಡಿ ಇವು ದರದಲ್ಲಿ ಸೇರಿವೆಯಾ ಅಂತ ಮೊದಲೇ ಕೇಳಿ.

ಪೂರ್ತಿ ಹಣ ಮುಂಗಡ ಕೊಡಬೇಡಿ, ಪೂರ್ತಿ ಬಾಕಿಯೂ ಇಡಬೇಡಿ. ಶುರುವಿಗೆ ಒಂದು ಭಾಗ, ಪೆನ್ಸಿಲ್ ಚಿತ್ರ ಒಪ್ಪಿದ ಮೇಲೆ ಒಂದು ಭಾಗ, ಎಲ್ಲ ಫೈಲ್ ಕೈಗೆ ಬಂದ ಮೇಲೆ ಉಳಿದದ್ದು. ಕೆಲಸ ನಡುವೆ ನಿಂತರೆ ಅಲ್ಲಿವರೆಗೆ ಮಾಡಿದ್ದಕ್ಕೆ ಎಷ್ಟು ಅನ್ನುವುದನ್ನೂ ಬರೆದುಕೊಳ್ಳಿ. ತಿದ್ದುಪಡಿ ಎಷ್ಟು ಸಲ ಅಂತಲೂ ಇರಲಿ. "ಈ ಗೆರೆ ದಪ್ಪ ಮಾಡಿ" ಅನ್ನುವುದು ತಿದ್ದುಪಡಿ. "ಇದು ಬೇಡ, ಬೇರೆ ಐಡಿಯಾ ಮಾಡಿ" ಅನ್ನುವುದು ಹೊಸ ಕೆಲಸ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಡಿಸೈನ್ ಸೇವೆಗೆ 18%. ಆದರೆ ವರ್ಷದ ವಹಿವಾಟು 20 ಲಕ್ಷ ದಾಟದ ಸೇವಾದಾರರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ.

## ಹಣ ಕೊಟ್ಟರೆ ಚಿತ್ರ ನಮ್ಮದಾಗುತ್ತಾ?

ಹೆಚ್ಚಿನವರು ಆಗುತ್ತದೆ ಅಂದುಕೊಂಡಿದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ನಮ್ಮ ದೇಶದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಒಡೆಯರು ಅದನ್ನು ಮಾಡಿದವರು. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಕಂಪನಿಯದು. ಫ್ರೀಲ್ಯಾನ್ಸರ್ ನಿಮ್ಮ ನೌಕರ ಅಲ್ಲ. ಹಣ ಕೊಟ್ಟು ಬರೆಸಿದ ಫೋಟೋ, ಪೇಂಟಿಂಗ್, ಭಾವಚಿತ್ರಕ್ಕೆ ಅದೇ ಸೆಕ್ಷನ್ನಿನಲ್ಲಿ ಬೇರೆ ಮಾತಿದೆ. ಆದರೆ ಐಕಾನ್ ಅದರಡಿ ಬರುತ್ತದೆ ಅಂತ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ಹಕ್ಕನ್ನು ಬರೆಸಿಕೊಳ್ಳುವುದೇ ದಾರಿ.

ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಡುತ್ತೇವಲ್ಲ, ಹಣ ಕೊಟ್ಟವರು ಫಸಲು ಕೊಯ್ದುಕೊಂಡು ಹೋಗುತ್ತಾರೆ. ಬಳ್ಳಿಯೂ ನೆಲವೂ ನಮ್ಮಲ್ಲೇ ಉಳಿಯುತ್ತವೆ. ಐಕಾನಿನ ಲೈಸೆನ್ಸ್ ಅಂದರೆ ಅದು. ಬಳಸುವ ಹಕ್ಕು ನಿಮಗೆ, ಒಡೆತನ ಡಿಸೈನರಿಗೆ. ಅಸೈನ್‌ಮೆಂಟ್ ಅಂದರೆ ಕ್ರಯಪತ್ರ, ಒಡೆತನವೇ ನಿಮ್ಮ ಹೆಸರಿಗೆ ಬರುತ್ತದೆ. ಸಣ್ಣ ಆ್ಯಪಿಗೆ ಲೈಸೆನ್ಸ್ ಸಾಕಾಗಬಹುದು, ದರವೂ ಕಡಿಮೆ ಆಗಬಹುದು. ಆದರೆ ಮುಖ್ಯ ಐಕಾನ್ ನಿಮ್ಮ ವ್ಯಾಪಾರದ ಗುರುತು. ಅದಕ್ಕೆ ಕ್ರಯಪತ್ರವೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

19ನೇ ಸೆಕ್ಷನ್ ಇನ್ನೂ ಮುಖ್ಯ. ಹಕ್ಕು ವರ್ಗಾವಣೆ ಬರಹದಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಅಂತ ಹೇಳಿರಬೇಕು. ಕಾಲ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಇನ್ನೊಂದಿದೆ: ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ, ಬೇರೆ ರೀತಿ ಬರೆದುಕೊಂಡಿದ್ದರೆ ಹೊರತು. ಆ್ಯಪ್ ಬಿಡುಗಡೆ ತಡವಾಗುವುದು ಮಾಮೂಲು. ಹಾಗಾಗಿ ಇದನ್ನೂ ಬರೆದುಕೊಳ್ಳಿ.

ಒಪ್ಪಂದದಲ್ಲಿ ಇಂಥ ಸಾಲುಗಳಿರಲಿ: "ಪಟ್ಟಿಯಲ್ಲಿರುವ 6 ಐಕಾನುಗಳ ಮತ್ತು ಅವುಗಳ ಮೂಲ ಫೈಲುಗಳ ಎಲ್ಲ ಕೃತಿಸ್ವಾಮ್ಯ ಹಕ್ಕುಗಳನ್ನು, ಪೂರ್ತಿ ಹಣ ಸಂದ ದಿನದಿಂದ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ, ಇಡೀ ಜಗತ್ತಿಗೆ ಅನ್ವಯಿಸುವಂತೆ ವಹಿಸಿಕೊಟ್ಟಿದ್ದೇನೆ. ಒಂದು ವರ್ಷದೊಳಗೆ ಬಳಸದಿದ್ದರೂ ಈ ವರ್ಗಾವಣೆ ರದ್ದಾಗುವುದಿಲ್ಲ. ಚಿತ್ರಗಳು ನನ್ನ ಸ್ವಂತ ಕೆಲಸ, ಬೇರೆ ಕಡೆಯಿಂದ ತೆಗೆದದ್ದಲ್ಲ." ದೊಡ್ಡ ಮೊತ್ತವಾದರೆ ವಕೀಲರಿಗೆ ಒಮ್ಮೆ ತೋರಿಸಿ.

ಹಕ್ಕು ಕೊಟ್ಟ ಮೇಲೂ "ಇದನ್ನು ಮಾಡಿದ್ದು ನಾನು" ಅಂತ ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಡಿಸೈನರಿಗೆ ಇರುತ್ತದೆ. ನನಗೆ ಇದು ತುಂಬಾ ಇಷ್ಟವಾದ ಮಾತು. ಬೇಲೂರಿನ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರಿದೆ. ದೇವಸ್ಥಾನ ಕಟ್ಟಿಸಿದ್ದು ವಿಷ್ಣುವರ್ಧನ. ಕೆತ್ತಿದವರ ಹೆಸರೂ ಉಳಿದಿದೆ. ಆ್ಯಪಿನ "ನಮ್ಮ ಬಗ್ಗೆ" ಪುಟದಲ್ಲಿ ಡಿಸೈನರ್ ಹೆಸರು ಹಾಕಲು ಖರ್ಚೇನೂ ಇಲ್ಲ.

ಬೇರೆಯವರು ನಿಮ್ಮ ಗುರುತು ಬಳಸಬಾರದು ಅಂತಿದ್ದರೆ ಅದಕ್ಕೆ ಟ್ರೇಡ್‌ಮಾರ್ಕ್ ಬೇರೆ. 1999ರ ಕಾಯ್ದೆ. ಸಾಫ್ಟ್‌ವೇರ್ ಸಾಮಾನ್ಯವಾಗಿ 9ನೇ ವರ್ಗಕ್ಕೆ ಬರುತ್ತದೆ. ನೋಂದಣಿ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು.

## ತೋರಿಸುವುದು ಯಾರಿಗೆ

ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ "ಹೇಗಿದೆ?" ಅಂತ ಕೇಳಬೇಡಿ. ಚಿಕ್ಕಪ್ಪನಿಗೆ ಹಸಿರು ಬೇಕು, ಅತ್ತೆಗೆ ನೀಲಿ ಬೇಕು. ಡಿಸೈನರಿಗೆ ಒಬ್ಬರೇ ಮಾತಾಡಲಿ. ಚಿತ್ರವನ್ನು ನಿಜವಾಗಿ ಬಳಸುವವರಿಗೆ ತೋರಿಸಿ, ಹೆಸರು ಹೇಳದೆ. "ಇದು ಬಟವಾಡೆ ಅನ್ನಿಸುತ್ತಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. "ಇದನ್ನು ಒತ್ತಿದರೆ ಏನಾಗಬಹುದು?" ಅಂತ ಕೇಳಿ, ಸುಮ್ಮನಿರಿ.

ತಂಗಿ ಎರಡನೇ ಸಲ ಪೆನ್ಸಿಲ್ ಚಿತ್ರಗಳಿದ್ದಾಗಲೇ ರೈಟರಿಗೂ ಮೇಸ್ತ್ರಿಗೂ ತೋರಿಸಿದಳು. ಉಳಿಸು ಅನ್ನುವುದಕ್ಕೆ ಇದ್ದ ಹಳೆಯ ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ಇಬ್ಬರಿಗೂ ಗೊತ್ತಾಗಲಿಲ್ಲ. ಅವರು ಅದನ್ನು ಜೀವನದಲ್ಲಿ ಕಂಡೇ ಇರಲಿಲ್ಲ. ಟಿಕ್ ಗುರುತು ಇಟ್ಟರೆ ಗೊತ್ತಾಯಿತು. ಕೊಯ್ಲಿನ ಐಕಾನಿನಲ್ಲಿ ಈಗ ಬೀಜ ಬೀಜದ ಹಾಗೇ ಕಾಣುತ್ತಿತ್ತು. ಮೇಸ್ತ್ರಿ ನೋಡಿ ಹೇಳಿದರು: "ಬೀಜ ಸರಿ ಅಮ್ಮ. ಆದ್ರೆ ನಾವು ಗಿಡದಿಂದ ಕೊಯ್ಯೋದು ಹಣ್ಣು ಅಲ್ವಾ?" ಡಿಸೈನರಿಗೆ ಆ ಮಾತನ್ನು ಹಾಗೇ ಕಳಿಸಿದೆವು. ಎರಡು ಹಣ್ಣು, ಒಂದು ಎಲೆ ಬಂತು. ಬೀಜ ಕ್ಯೂರಿಂಗಿನ ಐಕಾನಿಗೆ ಹೋಯಿತು.

ತಿದ್ದುಪಡಿ ಹೇಳುವುದೂ ಹೀಗೇ. "ಯಾಕೋ ಸರಿ ಇಲ್ಲ" ಅಂದರೆ ಡಿಸೈನರ್ ಊಹಿಸಬೇಕಾಗುತ್ತದೆ. ಯಾರು ನೋಡಿದರು, ಏನು ಅಂದುಕೊಂಡರು ಅಂತ ಹೇಳಿ. ಹೇಗೆ ಸರಿಮಾಡಬೇಕು ಅನ್ನುವುದನ್ನು ಅವರಿಗೇ ಬಿಡಿ.

## ಫೈಲ್ ಕೈಗೆ ಬಂದ ದಿನ

ಕೊನೆಯ ಕಂತು ಕೊಡುವ ಮುನ್ನ ಅರ್ಧ ಗಂಟೆ ಕೂತು ನೋಡಿ. ಎಸ್‌ವಿಜಿ ಫೈಲನ್ನು ಬ್ರೌಸರಿನಲ್ಲಿ ತೆರೆದು ಆದಷ್ಟು ದೊಡ್ಡದು ಮಾಡಿ. ಅಂಚು ಮಸುಕಾದರೆ ಒಳಗೆ ರಾಸ್ಟರ್ ಚಿತ್ರ ತುರುಕಿದ್ದಾರೆ ಅಂತ ಅರ್ಥ. ಪಿಎನ್‌ಜಿಗಳನ್ನು ಕಪ್ಪು ಹಿನ್ನೆಲೆ ಮೇಲೆ ಇಟ್ಟು ನೋಡಿ. ಅಕ್ಷರಗಳಿದ್ದರೆ ಅವನ್ನು ಕರ್ವ್ಸ್, ಅಂದರೆ ಫಾಂಟ್ ಬೇಡದ ಗೆರೆ ಚಿತ್ರ, ಮಾಡಿದ್ದಾರಾ ಕೇಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಚೂರುಚೂರಾಗುತ್ತದೆ. ಆಮೇಲೆ ಫೋನಿಗೆ ಹಾಕಿಕೊಂಡು ಬಿಸಿಲಿಗೆ ಹೋಗಿ. ಕಣದ ಬಿಸಿಲಿನಲ್ಲಿ ತಿಳಿ ಬಣ್ಣಗಳು ಕಾಣುವುದೇ ಇಲ್ಲ. ಮಣ್ಣಾದ ಬೆರಳಲ್ಲಿ ಒತ್ತಿ ನೋಡಿ. ಐಕಾನ್ 24 ಇದ್ದರೂ ಒತ್ತುವ ಜಾಗ 48 ಅಡ್ಡ 48 ಇರಲಿ ಅಂತ ಆಂಡ್ರಾಯ್ಡ್ ಮಾರ್ಗಸೂಚಿ ಹೇಳುತ್ತದೆ. ಇದು ಕೋಡ್ ಬರೆಯುವವರ ಕೆಲಸ, ಆದರೂ ಈಗಲೇ ನೋಡಿಬಿಡಿ.

ಎಲ್ಲಕ್ಕಿಂತ ಮುಖ್ಯ ಮೂಲ ಫೈಲ್. ಇಲಸ್ಟ್ರೇಟರ್, ಫಿಗ್ಮಾ, ಇಂಕ್‌ಸ್ಕೇಪ್, ಕೋರಲ್‌ಡ್ರಾ, ಯಾವುದರಲ್ಲಿ ಮಾಡಿದ್ದಾರೋ ಅದೇ ಫೈಲ್. ಅದು ಹೆಪ್ಪು ಇದ್ದ ಹಾಗೆ. ಹೆಪ್ಪು ಇದ್ದರೆ ನಾಳೆಯೂ ಮೊಸರು ಮಾಡಬಹುದು. ಜೊತೆಗೆ ಗೆರೆಯ ದಪ್ಪ, ಮೂಲೆಯ ಬಾಗು, ಬಣ್ಣಗಳ ಕೋಡ್ ಸಂಖ್ಯೆ ಬರೆದ ಒಂದು ಪುಟ ಕೇಳಿ. ಎರಡರದೂ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಪ್ರತಿ ಇಮೇಲಿನಲ್ಲಿ ಇಡಿ.

ಈ ವರ್ಷ ತಂಗಿಗೆ ಮೆಣಸಿನ ಲೆಕ್ಕಕ್ಕೆ ಇನ್ನೊಂದು ಐಕಾನ್ ಬೇಕಾಯಿತು. ಹಳೆಯ ಡಿಸೈನರಿಗೆ ಬೇರೆ ಕೆಲಸ ಇತ್ತು. ಪೆನ್‌ಡ್ರೈವ್ ತೆಗೆದುಕೊಂಡು ಹತ್ತಿರದ ಪೇಟೆಯ ಫ್ಲೆಕ್ಸ್ ಅಂಗಡಿಗೆ ಹೋದಳು. ಅಲ್ಲಿನ ಹುಡುಗ ಆ ಒಂದು ಪುಟ ಓದಿ, ಮೂಲ ಫೈಲ್ ತೆರೆದು, ಅದೇ ಗೆರೆ ಅದೇ ಬಾಗು ಇಟ್ಟುಕೊಂಡು ಮಧ್ಯಾಹ್ನದೊಳಗೆ ಮೆಣಸಿನ ಕರೆ, ಅಂದರೆ ಕಾಳುಗಳ ಗೊಂಚಲು, ಬರೆದುಕೊಟ್ಟ. ಉಳಿದವುಗಳ ಸಾಲಿನಲ್ಲಿ ಅದನ್ನಿಟ್ಟರೆ ಬೇರೆ ಕೈ ಅಂತ ಗೊತ್ತಾಗುವುದಿಲ್ಲ.